ದುಡಿಮೆಯಲ್ಲಿ ದಯೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳು ಮಲಪ್ರಭೆಯ ನೀರುಂಡು ಬೆಳೆದ ಸೀಮೆ. ಬೈಲಹೊಂಗಲವು ಹತ್ತಿಯ ವ್ಯಾಪಾರಕ್ಕೆ, ಕಿತ್ತೂರು ರಾಣಿ ಚೆನ್ನಮ್ಮನ ಕೋಟೆಗೆ, ಸವದತ್ತಿಯು ಎಲ್ಲಮ್ಮನ ಗುಡ್ಡಕ್ಕೆ, ರಾಮದುರ್ಗವು ಕೈಮಗ್ಗದ ನೇಯ್ಗೆಗೆ ಹೆಸರಾಗಿವೆ. ಇಲ್ಲಿಯ ಜನರು ದುಡಿದು ಉಣ್ಣುವವರು. ಅಂಥ ಸೀಮೆಯಲ್ಲಿ 2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ದುಡಿಮೆಯೇ ನಿಂತುಹೋಯಿತು. ಕೊರೋನಾ ಎಂಬ ಸಾಂಕ್ರಾಮಿಕ ರೋಗವನ್ನು ತಡೆಯಲೆಂದು ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಜಾರಿಗೆ ಬಂದಿತು. ಸಂತೆಗಳು ಬರಿದಾದವು. ಗುಡ್ಡಕ್ಕೆ ಬರುವ ಭಕ್ತರಿಲ್ಲದೆ ಕಾಯಿ, ಭಂಡಾರ, ಬಳೆ ಮಾರುವವರ ಅಂಗಡಿಗಳು ಬಹುಕಾಲ ಮುಚ್ಚಿದವು.

ಆದರೆ ಕೆಲವು ಕೆಲಸಗಳು ನಿಲ್ಲುವಂತಿರಲಿಲ್ಲ. ದವಾಖಾನೆಯ ದಾದಿ, ಬೀದಿ ಗುಡಿಸುವ ಪೌರಕಾರ್ಮಿಕ, ನಾಕಾದಲ್ಲಿ ನಿಂತ ಪೊಲೀಸ್, ಪಡಿತರ ಹಂಚುವ ಅಂಗಡಿಕಾರ, ಮನೆ ಮನೆಗೆ ಹೋಗಿ ಜ್ವರ ವಿಚಾರಿಸುವ ಆಶಾ ಕಾರ್ಯಕರ್ತೆ, ಇವರೆಲ್ಲರೂ ಭಯದ ನಡುವೆಯೇ ದುಡಿಯಬೇಕಾಗಿತ್ತು. ಭಯವು ಮನುಷ್ಯನ ನಾಲಗೆಯನ್ನು ಒರಟಾಗಿಸುತ್ತದೆ. ಎದುರಿಗೆ ನಿಂತವನು ಮನುಷ್ಯನಂತೆ ಕಾಣದೆ ರೋಗದಂತೆ ಕಾಣತೊಡಗುತ್ತಾನೆ. ಅಂಥ ಹೊತ್ತಿನಲ್ಲಿ ದಯೆಯಿಂದ ನಡೆದುಕೊಳ್ಳುವುದು ಸಾಧ್ಯವೇ? ಸಾಧ್ಯವಾದರೂ ಅದರಿಂದ ಪ್ರಯೋಜನವೇನು? ಈ ಪ್ರಶ್ನೆಗಳಿಗೆ ನನಗೆ ಉತ್ತರ ದೊರೆತುದು ಒಂದು ಪರೀಕ್ಷಾ ಕೇಂದ್ರದ ಬಾಗಿಲಲ್ಲಿ.

ಆ ವರ್ಷದ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಮಾರ್ಚ್ 27ರಂದು ಆರಂಭವಾಗಬೇಕಾಗಿತ್ತು. ಅದು ಮುಂದೆ ಹೋಗಿ ಜೂನ್ 25ರಂದು ಆರಂಭವಾಯಿತು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಹೆಸರು ನೋಂದಾಯಿಸಿದ್ದರು. ನಾನು ಆಗ ಬೈಲಹೊಂಗಲ ಸೀಮೆಯ ಒಂದು ಕೇಂದ್ರದಲ್ಲಿ ಕರ್ತವ್ಯದ ಮೇಲಿದ್ದೆ. ನನ್ನ ಸೇವಾವಧಿಯ ಕೊನೆಯ ಪರೀಕ್ಷೆ ಅದು. ಅಂಗಳದಲ್ಲಿ ಸುಣ್ಣದಿಂದ ಬರೆದ ಗುರುತುಗಳ ಮೇಲೆ ಮಕ್ಕಳು ದೂರ ದೂರ ನಿಂತಿದ್ದರು. ಬಾಗಿಲಲ್ಲಿ ಆಶಾ ಕಾರ್ಯಕರ್ತೆಯೊಬ್ಬರು ಒಬ್ಬೊಬ್ಬರ ಹಣೆಯ ಮುಂದೆ ಥರ್ಮಲ್ ಸ್ಕ್ಯಾನರ್ ಹಿಡಿದು ಮೈಯ ಶಾಖವನ್ನು ನೋಡುತ್ತಿದ್ದರು.

ಅಷ್ಟರಲ್ಲಿ ಹಳ್ಳಿಯ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಬಂದಳು. ಆಕೆಯ ಮೈಯ ಶಾಖವು ನಿಗದಿಯಾದುದಕ್ಕಿಂತ ಹೆಚ್ಚಾಗಿತ್ತು. ಪಕ್ಕದಲ್ಲಿದ್ದ ನಾನು ಗಾಬರಿಗೊಂಡು, “ದೂರ ಸರಿ! ಜ್ವರ ಇಟ್ಟುಕೊಂಡು ಇಲ್ಲಿಗೇಕೆ ಬಂದೆ?” ಎಂದು ಗದರಿದೆ. ಸಾಲಿನಲ್ಲಿದ್ದ ಮಕ್ಕಳೆಲ್ಲ ಆಕೆಯತ್ತ ತಿರುಗಿ ನೋಡಿದರು. ಹುಡುಗಿಯ ಕಣ್ಣುಗಳಲ್ಲಿ ನೀರು ತುಂಬಿತು.

ಆ ತಾಯಿ ನನಗೆ ಏನನ್ನೂ ಹೇಳಲಿಲ್ಲ. ಹುಡುಗಿಗೆ, “ಯಾಕವ್ವಾ, ಓಡಿಕೋತ ಬಂದಿಯೇನು?” ಎಂದರು. “ಹೌದ್ರಿ ಅಕ್ಕಾರ, ಹೊತ್ತಾತಂತ ಊರಿಂದ ಸೈಕಲ್ ತುಳಕೋತ ಬಂದೆ” ಎಂದಳು ಆಕೆ. “ಹಂಗಾದ್ರ ಆ ಬೇವಿನ ಗಿಡದ ನೆರಳಿಗೆ ಕುಂದ್ರು, ನೀರು ಕುಡಿ. ಹತ್ತು ನಿಮಿಷ ಬಿಟ್ಟು ಮತ್ತ ನೋಡೂಣು. ಪರೀಕ್ಷಾ ಎಲ್ಲೂ ಓಡಿ ಹೋಗೂದಿಲ್ಲ” ಎಂದರು. ಹತ್ತು ನಿಮಿಷದ ಬಳಿಕ ನೋಡಿದಾಗ ಶಾಖವು ಸರಿಯಾಗಿತ್ತು. ಹುಡುಗಿ ಒಳಗೆ ಹೋದಳು. ನಾನು ತಲೆ ತಗ್ಗಿಸಿದೆ.

ವಿದ್ಯಾರ್ಥಿಗಳೇ, ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಕಾರ್ಯಕರ್ತೆಯು ನಿಯಮವನ್ನು ಎಳ್ಳಷ್ಟೂ ಸಡಿಲಿಸಲಿಲ್ಲ. ಎರಡನೆಯ ಸಲವೂ ಶಾಖವು ಹೆಚ್ಚಾಗಿದ್ದರೆ ಹುಡುಗಿಯನ್ನು ಬೇರೆ ಕೋಣೆಯಲ್ಲಿಯೇ ಕೂಡಿಸಬೇಕಾಗಿತ್ತು. ಅದಕ್ಕೆ ವ್ಯವಸ್ಥೆಯೂ ಇತ್ತು. ನಾನು ಮತ್ತು ಆಕೆ ಪಾಲಿಸಿದುದು ಒಂದೇ ನಿಯಮವನ್ನು. ಆದರೆ ನನ್ನ ಮಾತು ಮಗುವನ್ನು ಅಪರಾಧಿಯನ್ನಾಗಿ ಮಾಡಿತು. ಆಕೆಯ ಮಾತು ಮಗುವಿನಿಂದ ನಿಜವನ್ನು ಹೊರತಂದಿತು. ಮರುದಿನ ನಿಜವಾಗಿ ಜ್ವರ ಬಂದ ಮಗುವೊಂದು ನಮ್ಮಿಬ್ಬರಲ್ಲಿ ಯಾರ ಮುಂದೆ ಅದನ್ನು ಹೇಳಿಕೊಂಡೀತು? ಹೆದರಿದವನು ರೋಗವನ್ನು ಮುಚ್ಚಿಡುತ್ತಾನೆ. ನಂಬಿದವನು ತೆರೆದು ಹೇಳುತ್ತಾನೆ. ಮುಚ್ಚಿಟ್ಟ ರೋಗವೇ ಊರಿಗೆ ಹರಡುತ್ತದೆ. ಆದ್ದರಿಂದ ದಯೆಯೂ ರೋಗವನ್ನು ತಡೆಯುವ ಒಂದು ಸಾಧನ.

ಈ ಸತ್ಯಕ್ಕೆ ಇತಿಹಾಸದಲ್ಲಿಯೂ ಸಾಕ್ಷ್ಯವಿದೆ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಆಗ ನಮ್ಮ ಬೆಳಗಾವಿ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1897ರ ಆರಂಭದಲ್ಲಿ ರೋಗವು ಪುಣೆಯಲ್ಲಿ ಹಬ್ಬಿದಾಗ ಅದನ್ನು ಹತೋಟಿಗೆ ತರುವ ಹೊಣೆಯು ರ‍್ಯಾಂಡ್ ಎಂಬ ಅಧಿಕಾರಿಯ ಮೇಲೆ ಬಿದ್ದಿತು. ರೋಗಿಗಳನ್ನು ಹುಡುಕಿ ಬೇರೆ ಇರಿಸಬೇಕೆಂಬ ಉದ್ದೇಶವೇನೋ ಸರಿಯಾಗಿತ್ತು. ಆದರೆ ಸೈನಿಕರು ಮನೆಗಳಿಗೆ ನುಗ್ಗಿದರು; ದೇವರ ಕೋಣೆ, ಅಡಿಗೆಯ ಮನೆಗಳನ್ನೂ ಬಿಡದೆ ಶೋಧಿಸಿದರು. ಜನರು ಬೆದರಿ ತಮ್ಮ ರೋಗಿಗಳನ್ನು ಬಚ್ಚಿಟ್ಟರು. ಆಡಳಿತದ ಮೇಲೆ ರೋಷವು ಬೆಳೆಯಿತು. 1897ರ ಜೂನ್ 22ರಂದು ರ‍್ಯಾಂಡನ ಮೇಲೆ ಗುಂಡಿನ ದಾಳಿಯಾಯಿತು. ಆತನು ಬದುಕಿ ಉಳಿಯಲಿಲ್ಲ. ಹತ್ಯೆಯನ್ನು ಮೆಚ್ಚುವ ಮಾತು ಇದಲ್ಲ. ಕರುಣೆಯಿಲ್ಲದ ಕಟ್ಟುನಿಟ್ಟು ಎಂಥ ದುರಂತಕ್ಕೆ ದಾರಿಯಾಗಬಲ್ಲದೆಂಬುದನ್ನು ಇಲ್ಲಿ ಕಾಣಬಹುದು.

ಅದೇ ಪುಣೆಯಲ್ಲಿ, ಅದೇ ವರ್ಷ, ಇನ್ನೊಂದು ಬಗೆಯ ಸೇವೆಯೂ ನಡೆದಿತ್ತು. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಬಾಳನ್ನು ಸವೆಸಿದ ಸಾವಿತ್ರಿಬಾಯಿ ಫುಲೆಯವರು ಆಗ ಅರವತ್ತಾರು ವರ್ಷದ ವೃದ್ಧೆ. ಅವರು ವೈದ್ಯನಾಗಿದ್ದ ಮಗ ಯಶವಂತನೊಡನೆ ಪ್ಲೇಗಿನ ರೋಗಿಗಳ ಆರೈಕೆಗೆ ನಿಂತರು. ರೋಗ ತಗಲಿದ ಬಾಲಕನೊಬ್ಬನನ್ನು ತಾವೇ ಹೊತ್ತುಕೊಂಡು ಚಿಕಿತ್ಸೆಗೆ ತಂದರು. ಆ ರೋಗವು ಅವರಿಗೂ ತಗಲಿ, ಮಾರ್ಚ್ 10ರಂದು ಅವರು ಕಣ್ಮುಚ್ಚಿದರು. ರೋಗಿಯನ್ನು ಮನೆಯಿಂದ ಹೊರತರುವ ಕೆಲಸ ಎರಡು ಕಡೆಯೂ ನಡೆಯಿತು. ಒಂದು ಕಡೆ ಅದು ಬಲದಿಂದ ನಡೆಯಿತು, ಇನ್ನೊಂದು ಕಡೆ ಮಮತೆಯಿಂದ.

ದಯೆಯು ಮಾತಿನಲ್ಲಿದ್ದರೆ ಮಾತ್ರ ಸಾಲದು. ಅದು ವ್ಯವಹಾರದಲ್ಲಿಯೂ ಇರಬೇಕು. ರಾಮದುರ್ಗದ ನೇಕಾರರ ಸ್ಥಿತಿಯನ್ನು ನೆನೆಯೋಣ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯು ಉಕ್ಕಿ ಹರಿದು ಅವರ ಮನೆಗಳಿಗೆ ನೀರು ನುಗ್ಗಿತ್ತು. ಚೇತರಿಸಿಕೊಳ್ಳುವ ಮುನ್ನವೇ ಲಾಕ್‌ಡೌನ್ ಬಂದು ಮಾರಾಟವು ನಿಂತಿತು. ಮಗ್ಗವು ನಿಂತರೆ ಕೂಲಿಯೂ ನಿಂತಂತೆಯೇ. ದಿನಗೂಲಿಯವನಿಗೆ ಜ್ವರ ಬಂದರೆ ಆತನು ಏನು ಮಾಡಬೇಕು? ಒಂದು ದಿನ ತಪ್ಪಿದರೆ ಒಲೆ ಉರಿಯದು ಎಂದಾದರೆ, ಆತನು ಜ್ವರವನ್ನು ಅಡಗಿಸಿಕೊಂಡು ಕೆಲಸಕ್ಕೆ ಬಂದಾನು. ಆತನೊಡನೆ ರೋಗವೂ ಬಂದೀತು. “ಮನೆಯಲ್ಲಿ ವಿಶ್ರಾಂತಿ ತೆಗೆದುಕೋ, ನಿನ್ನ ಕೂಲಿಗೆ ಕೊರತೆಯಿಲ್ಲ” ಎನ್ನುವ ಯಜಮಾನನು ಒಬ್ಬನ ಹೊಟ್ಟೆಯನ್ನು ತಣಿಸುವುದರೊಡನೆ ಹತ್ತು ಮನೆಗಳನ್ನು ರೋಗದಿಂದ ಕಾಪಾಡುತ್ತಾನೆ.

ಸೇವೆ ಮಾಡುವವರ ವಿಷಯದಲ್ಲಿಯೂ ನಮಗೆ ಕರ್ತವ್ಯವುಂಟು. 2020ರಲ್ಲಿ ದೇಶದ ಕೆಲವೆಡೆ ವೈದ್ಯರ ಮೇಲೆ, ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆಗಳು ನಡೆದವು. ಅವರ ರಕ್ಷಣೆಗಾಗಿ ಏಪ್ರಿಲ್ 22ರಂದು ಸರ್ಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಗೇ ಮಾಡಿದ ತಿದ್ದುಪಡಿ ಅದು. ಅಂದು ಜನರು ಅಧಿಕಾರಿಗಳಿಗೆ ಅಂಜಿದ್ದರು. ಇಂದು ಆರೋಗ್ಯ ಸಿಬ್ಬಂದಿಯೇ ಜನರಿಗೆ ಅಂಜಬೇಕಾಯಿತು. ಎರಡೂ ನಾಚಿಕೆಯ ಸಂಗತಿಗಳೇ. ಅಲ್ಪ ಗೌರವಧನಕ್ಕೆ ದುಡಿಯುವ ನಮ್ಮ ಆಶಾ ಕಾರ್ಯಕರ್ತೆಯರನ್ನು 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಗೌರವಿಸಿತು. ಜಗತ್ತು ಮನ್ನಿಸಿದವರಿಗೆ ನಮ್ಮ ಮನೆಯ ಬಾಗಿಲಲ್ಲಿ ಒಂದು ತಂಬಿಗೆ ನೀರು, ಒಂದು ಒಳ್ಳೆಯ ಮಾತು ದೊರೆಯಬಾರದೇ?

ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದು ಕರೆದು, ಅದರೊಡನೆ ದಾಸೋಹವನ್ನು ಜೋಡಿಸಿದರು. ನಮ್ಮ ಕೆಲಸದ ಫಲದಲ್ಲಿ ಇತರರಿಗೂ ಪಾಲುಂಟೆಂಬುದು ಅದರ ತಿರುಳು. ನಾಳೆ ನೀವೂ ಒಂದು ಮೇಜಿನ ಹಿಂದೆ, ಒಂದು ಬಾಗಿಲಿನ ಬಳಿ, ಒಂದು ಯಂತ್ರದ ಮುಂದೆ ನಿಂತು ದುಡಿಯುವಿರಿ. ಇನ್ನೊಂದು ಪಿಡುಗು ಬಾರದೆಂದು ಯಾರೂ ಹೇಳಲಾರರು. ಆಗ ನಿಮ್ಮೆದುರಿಗೆ ಒಬ್ಬರು ಹೆದರಿಕೊಂಡು ನಿಂತಿರುತ್ತಾರೆ. ನಿಯಮವನ್ನು ಬಿಡಬೇಡಿರಿ. ಆದರೆ ಅದನ್ನು ಹೇಳುವ ಮೊದಲು, “ಓಡಿ ಬಂದಿಯೇನು?” ಎಂದು ಒಮ್ಮೆ ಕೇಳಿರಿ.

ಅಭ್ಯಾಸ

ಶಬ್ದಾರ್ಥ: ಪಿಡುಗು – ಅಂಟುರೋಗ, ದೊಡ್ಡ ಕೇಡು, ಭಂಡಾರ – ದೇವಿಗೆ ಅರ್ಪಿಸುವ ಅರಿಸಿನ ಪುಡಿ, ಸುಗ್ರೀವಾಜ್ಞೆ – ಶಾಸನಸಭೆ ಸೇರದಿರುವಾಗ ಹೊರಡಿಸುವ ಕಾನೂನು, ತಿರುಳು – ಸಾರ.

ಪ್ರಶ್ನೆಗಳು:
1. ಲೇಖಕರು ಪರೀಕ್ಷಾ ಕೇಂದ್ರದಲ್ಲಿ ತಲೆ ತಗ್ಗಿಸಿದುದೇಕೆ?
2. ದಯೆಯು ರೋಗವನ್ನು ತಡೆಯುವ ಸಾಧನವಾಗುವುದು ಹೇಗೆ?
3. 1897ರಲ್ಲಿ ಪುಣೆಯಲ್ಲಿ ನಡೆದ ಎರಡು ಬಗೆಯ ಕೆಲಸಗಳನ್ನು ಹೋಲಿಸಿ ಬರೆಯಿರಿ.
4. ಜ್ವರ ಬಂದ ದಿನಗೂಲಿಯವನಿಗೆ ಯಜಮಾನನು ಕೂಲಿ ಕೊಡುವುದರಿಂದ ಊರಿಗೆ ಆಗುವ ಲಾಭವೇನು?
5. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕಂಡು, ಅವರ ಒಂದು ದಿನದ ಕೆಲಸವನ್ನು ಕುರಿತು ಹತ್ತು ವಾಕ್ಯಗಳನ್ನು ಬರೆಯಿರಿ.