ಕಾಡುಬೀಜಕ್ಕೆ ನೀರು ಕೊನೆಗೆ

ಹೈದರಾಬಾದಿನ ದುರ್ಗಂ ಚೆರುವು ಕೆರೆಯ ಬಂಡೆಗಳ ಸಂದಿಯಲ್ಲಿ ಆರಿಸಿದ ತಂಗಡಿ, ಕಕ್ಕೆ, ಸೀತಾಫಲದ ಬೀಜಗಳನ್ನು ಮಾದಾಪುರದ ನಿನ್ನ ಬಾಲ್ಕನಿಯ ಕುಂಡಗಳಲ್ಲಿ ಬಿತ್ತಿ, ದಿನಾ ಎರಡು ಹೊತ್ತು ನೀರೆರೆದರೂ ಒಂದೂ ಏಳಲಿಲ್ಲ ಅಂದೆಯಲ್ಲ ಮಗಳೇ. ಬೀಜ ಸತ್ತಿವೆ ಅಂತ ಈಗಲೇ ಚೆಲ್ಲಬೇಡ. ಹೆಸರು, ಹೀರೆ, ಅವರೆಗೆ ನೀರು ಸೋಕಿದರೆ ಸಾಕು. ಬೇಗ ಮೊಳೆಯುವುದನ್ನೇ ಆರಿಸಿ ಆರಿಸಿ ನಮ್ಮ ಹಿರಿಯರು ಅವನ್ನು ಹಾಗೆ ಪಳಗಿಸಿದ್ದಾರೆ. ಕಾಡಿನದಕ್ಕೆ ಆ ಅವಸರ ಇಲ್ಲ. ಅದು ಏನನ್ನು ಕಾಯುತ್ತಿದೆ ಅಂತ ಮೊದಲು ತಿಳಿದುಕೋ, ಆಮೇಲೆ ಚೊಂಬು ಎತ್ತು.

• ತಂಗಡಿ, ಕಕ್ಕೆ, ಕರಿಜಾಲಿ, ಬನ್ನಿ ಇವೆಲ್ಲ ಗಟ್ಟಿ ಸಿಪ್ಪೆಯವು. ಒಳಗೆ ನೀರೇ ಇಳಿಯುವುದಿಲ್ಲ, ನೀನು ಎಷ್ಟು ಹೊಯ್ದರೂ ಅಷ್ಟೇ. ಬಯಲಲ್ಲಿ ಆ ಸಿಪ್ಪೆ ಸಡಿಲಿಸುವುದು ಬೇಸಿಗೆ. ಮೇ ತಿಂಗಳಲ್ಲಿ ಹೈದರಾಬಾದಿನ ಗಾಳಿಯೇ 40 ಡಿಗ್ರಿ ದಾಟುತ್ತದೆ, ಬಂಡೆಯ ಮೇಲಿನ ಮಣ್ಣು ಅದಕ್ಕಿಂತ ಬಿಸಿ. ಹಗಲು ಕಾದು ರಾತ್ರಿ ತಣಿದು, ಕಾದು ತಣಿದು, ಸಿಪ್ಪೆಯಲ್ಲಿ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ; ಮಳೆನೀರು ಅಲ್ಲಿಂದ ಒಳಹೋಗುತ್ತದೆ. ಮನೆಯಲ್ಲಾದರೆ ನೀರು ಕುದಿಸಿ ಒಲೆಯಿಂದ ಇಳಿಸು, ಬೀಜ ಹಾಕಿ ರಾತ್ರಿಯಿಡೀ ಬಿಡು. ಒಲೆಯ ಮೇಲೇ ಕುದಿಸಿದರೆ ಸಾಂಬಾರಾಗುತ್ತದೆ, ಗಿಡ ಅಲ್ಲ! ಬೆಳಿಗ್ಗೆ ಉಬ್ಬಿದ್ದನ್ನು ಬಿತ್ತು. ಉಬ್ಬದಿದ್ದನ್ನು ಉಪ್ಪುಕಾಗದದ ಮೇಲೆ ಒಂದು ಬದಿ ಉಜ್ಜಿ ಮತ್ತೆ ನೆನೆಹಾಕು.

• ಕುರಿ, ಮೇಕೆ ನಿಲ್ಲಿಸುವ ಜಾಗದಲ್ಲಿ ಜಾಲಿ ಸಸಿ ದಂಡಿಯಾಗಿ ಏಳುವುದನ್ನು ನಮ್ಮ ಕಡೆ ಕಂಡಿದ್ದೀಯ. ಕಾಯಿ ತಿಂದ ಮೇಕೆಯ ಹೊಟ್ಟೆಯಲ್ಲೂ ಸಿಪ್ಪೆ ಸವೆಯುತ್ತದೆ. ಹಿಕ್ಕೆ ಸಿಕ್ಕರೆ ಬಿಡಬೇಡ.

• ಬೇವು, ನೇರಳೆಯದು ಇದಕ್ಕೆ ತದ್ವಿರುದ್ಧ. ಮಳೆಗಾಲದ ಬಾಗಿಲಲ್ಲಿ ಹಣ್ಣಾಗುತ್ತವೆ, ಬಿದ್ದ ಕೂಡಲೇ ಮೊಳೆಯುವುದೇ ಅವುಗಳ ಸ್ವಭಾವ. ಒಣಗಿಸಿ ಡಬ್ಬಿಯಲ್ಲಿ ತುಂಬಿಟ್ಟರೆ ನೇರಳೆ ಬಹುಬೇಗ ಸಾಯುತ್ತದೆ, ಬೇವು ಕೆಲವು ವಾರದಲ್ಲಿ. ತಿರುಳು ತೊಳೆದು ಆ ವಾರವೇ ಬಿತ್ತು.

• ಸೀತಾಫಲಕ್ಕೆ ಒಂದೆರಡು ತಿಂಗಳು ಬೇಕಾಗಬಹುದು, ಸುಮ್ಮನಿರು. ಮತ್ತೆ ಆ ಬೀಜ ಅರೆಯಲು ಹೋಗಬೇಡ, ಕಣ್ಣಿಗೆ ಬಿದ್ದರೆ ಕೆಡುಕು.

• ತುಳಸಿ, ಆಲ, ಅರಳಿಯಂಥ ಪುಡಿಬೀಜವನ್ನು ಹೂಳಲೇಬೇಡ. ಒಳಗಿನ ಬುತ್ತಿ ಅಷ್ಟೇ ಅಷ್ಟು. ಆಳದಿಂದ ಮೇಲೆ ಬರುವಷ್ಟರಲ್ಲಿ ತೀರಿಹೋಗುತ್ತದೆ. ಅದಕ್ಕೇ ಇಂಥ ಹಲವು ಬೀಜ ಬೆಳಕು ಕಂಡರೆ ಮಾತ್ರ ಕಣ್ಣು ಬಿಡುತ್ತವೆ. ಯಾವ ಬೆಳಕು ಅನ್ನುವುದೂ ಅವಕ್ಕೆ ತಿಳಿಯುತ್ತದೆ: ಎಲೆಗಳ ಮೂಲಕ ಸೋಸಿ ಬಂದದ್ದರಲ್ಲಿ ಕೆಂಪು ಕಡಿಮೆ, ಕೆಂಪಿನಾಚೆಯದು ಹೆಚ್ಚು. ಹಾಗಿದ್ದರೆ ಮೇಲೆ ದೊಡ್ಡ ಗಿಡ ಇದೆ ಅಂತರ್ಥ, ಏಳುವುದಿಲ್ಲ. ಆದ್ದರಿಂದ ಆ ಕುಂಡವನ್ನು ಮನಿಪ್ಲಾಂಟಿನ ನೆರಳಲ್ಲಿ ಇಡಬೇಡ. ಉಳಿದ ಬೀಜಕ್ಕೆ ಅದರ ದಪ್ಪದ ಎರಡು ಪಟ್ಟು ಮಣ್ಣು ಸಾಕು.

• ಏಪ್ರಿಲ್‌ನ ಗುಡುಗುಮಳೆಗೆ ಮೋಸಹೋಗಬೇಡ. ಎಷ್ಟೋ ಕಾಡುಬೀಜಗಳ ಸಿಪ್ಪೆಯಲ್ಲಿ ಮೊಳಕೆ ತಡೆಯುವ ರಸ ಇರುತ್ತದೆ, ನಾಲ್ಕು ಹನಿಗೆ ಅದು ತೊಳೆದು ಹೋಗುವುದಿಲ್ಲ. ಜೋರು ಮಳೆಯೇ ಬೇಕು. ಮೃಗಶಿರ ಹುಟ್ಟುವ ದಿನ ನಾಂಪಲ್ಲಿ ಮೈದಾನದಲ್ಲಿ ಮೀನಿನ ಮದ್ದು ಹಂಚುತ್ತಾರಲ್ಲ, ಅಲ್ಲಿಂದಾಚೆ ನೆಲ ಚೆನ್ನಾಗಿ ನೆಂದ ಮೇಲೆ ಬಿತ್ತು. ಮೇ ತಿಂಗಳಲ್ಲಿ ಫೋಟೋ ತೆಗೆಸಿಕೊಂಡು ಎಸೆಯುವ ಬೀಜದುಂಡೆಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಮೊದಲ ಮಳೆಗೆ ಮೊಳೆತರೂ ಹದಿನೈದು ದಿನ ಬಿಸಿಲು ಹೊಡೆದರೆ ಮುಗಿಯಿತು.

• ಕಟ್ಟಡ ಎದ್ದ ಜಾಗದ ಮಣ್ಣು ತರಬೇಡ. ಸಿಮೆಂಟು ಬೆರೆತು ಕ್ಷಾರವಾಗಿರುತ್ತದೆ, ಲಾರಿ ತುಳಿದು ಗಾಳಿಯಾಡುವುದಿಲ್ಲ. ಬೀಜವೂ ಉಸಿರಾಡುತ್ತದೆ, ಕುಂಡದ ತಟ್ಟೆಯಲ್ಲಿ ನೀರು ನಿಂತರೆ ಕೊಳೆಯುತ್ತದೆ. ಬಂಡೆ ಕರಗಿದ ಕೆಂಪು ಮರಳುಮಣ್ಣೇ ಈ ಗಿಡಗಳ ತವರು.

• ಗಂಧದ ಸಸಿ ಎದ್ದರೆ ಪಕ್ಕದಲ್ಲೇ ಒಂದು ತೊಗರಿ ಹಾಕು. ಗಂಧ ಬೇರೆ ಗಿಡದ ಬೇರಿನಿಂದ ಆಹಾರ ಎಳೆಯುವ ಜಾತಿ.

• ಕೆಬಿಆರ್ ಪಾರ್ಕು ರಾಷ್ಟ್ರೀಯ ಉದ್ಯಾನ, ಅಲ್ಲಿ ಬೀಜ ಆರಿಸಬೇಡ. ಬಳ್ಳಾರಿ ಜಾಲಿಯನ್ನಂತೂ ಎಲ್ಲೂ ಬಿತ್ತಬೇಡ. ಇಲ್ಲಿಯವರು ಸರ್ಕಾರು ತುಮ್ಮ ಅನ್ನುವುದು ಅದನ್ನೇ, ಯಾರ ಸಹಾಯವೂ ಅದಕ್ಕೆ ಬೇಕಿಲ್ಲ.

• ಈ ವರ್ಷ ಏಳದ ಕುಂಡದ ಮಣ್ಣು ಸುರಿಯಬೇಡ. ಒಂದೇ ಮರದ ಬೀಜ ಒಂದೇ ಸಲ ಏಳುವುದಿಲ್ಲ. ಒಂದು ಮಳೆಗಾಲ ಕೈಕೊಟ್ಟರೆ ಇನ್ನೊಂದಕ್ಕೆ ಕೆಲವು ಉಳಿದಿರಲಿ ಅಂತ. ತೇಗ ಮರುವರ್ಷ ಎದ್ದರೂ ಆಶ್ಚರ್ಯವಿಲ್ಲ. ಅಮೆರಿಕದ ಮಿಶಿಗನ್‌ನಲ್ಲಿ ವಿಲಿಯಂ ಬೀಲ್ ಅನ್ನುವವರು 1879ರಲ್ಲಿ ಕಳೆಬೀಜಗಳನ್ನು ಬಾಟಲಿಗಳಲ್ಲಿ ತುಂಬಿ ನೆಲದಲ್ಲಿ ಹೂತರು. 2021ರಲ್ಲಿ ಒಂದು ಬಾಟಲಿ ಅಗೆದು ಬಿತ್ತಿದಾಗ ಕೆಲವು ಮೊಳೆತವು. ನಿನ್ನ ಕುಂಡಕ್ಕೆ ಎರಡು ಮಳೆಗಾಲ ಕೊಡು. ಬೀಜದ ಹೆಸರು, ಬಿತ್ತಿದ ತಿಂಗಳು ಬರೆದು ಸಿಕ್ಕಿಸು. ಪೆನ್ಸಿಲ್ಲಿನಲ್ಲೇ ಬರಿ, ಶಾಯಿ ಮಳೆಗೆ ಅಳಿಸಿಹೋಗುತ್ತದೆ.