ಪ್ರಯೋಗಶಾಲೆಯ ಹಿಂದಿನ ಕೋಣೆ

ನಾವು ಪ್ರಯೋಗಶಾಲೆಗೆ ಕಾಲಿಡುವ ಮೊದಲೇ ಆಮ್ಲವನ್ನು ತಕ್ಕಷ್ಟು ನೀರಿಗೆ ಬೆರೆಸಿ, ಪ್ರನಾಳಗಳನ್ನು ತೊಳೆದು ಓರಣವಾಗಿ ಇರಿಸಿದವರೊಬ್ಬರಿರುತ್ತಾರೆ. ಶಿಕ್ಷಕರಿಗಾದರೋ ಜೊತೆಯವರುಂಟು, ಈ ಸಹಾಯಕರು ಅನೇಕ ಶಾಲೆಗಳಲ್ಲಿ ಒಬ್ಬಂಟಿಗರು. ಸಂದೇಹ ಬಂದರೆ ಯಾರನ್ನು ಕೇಳಬೇಕು?

ಇಂಗ್ಲೆಂಡಿನಲ್ಲಿ ಇದಕ್ಕೊಂದು ಏರ್ಪಾಡಿದೆ. ಅಲ್ಲಿನ ಸ್ಥಳೀಯ ವಿದ್ಯಾ ಪ್ರಾಧಿಕಾರಗಳು 1963ರಲ್ಲಿ ಕೂಡಿ ಕಟ್ಟಿದ ‘ಕ್ಲೀಪ್ಸ್’ ಎಂಬ ಸಂಸ್ಥೆಯು ರಾಸಾಯನಿಕಗಳ ವಿಷಯದಲ್ಲಿ ಎಚ್ಚರಿಕೆಯ ಪತ್ರಕಗಳನ್ನು ಒದಗಿಸುತ್ತದೆ: ಹೇಗೆ ಇಡಬೇಕು, ಚೆಲ್ಲಿದರೆ ಏನು ಮಾಡಬೇಕು, ಬೇಡವಾದಾಗ ಹೇಗೆ ತೊಲಗಿಸಬೇಕು. ಪತ್ರಕದಲ್ಲಿ ಉತ್ತರ ದೊರೆಯದಿದ್ದರೆ ದೂರವಾಣಿಯಲ್ಲಿ ಕೇಳಬಹುದು. ಕೇಳುವವರು ಶಿಕ್ಷಕರೇ ಆಗಿರಬೇಕಾಗಿಲ್ಲ. ಇದೇ ಅದರ ಹೆಚ್ಚುಗಾರಿಕೆಯೆಂದು ನಮ್ಮ ಅಭಿಪ್ರಾಯ. ಒಂದು ಶಾಲೆಯ ಸಹಾಯಕರಿಗೆ ಬಂದ ತೊಡಕು ಹೀಗೆ ಮಿಕ್ಕವರಿಗೂ ಪಾಠವಾಗುತ್ತದೆ.

ಇದರ ಬೆಲೆ 2016ರಲ್ಲಿ ಚೆನ್ನಾಗಿ ತಿಳಿಯಿತು. ಆಲ್ಡಿಹೈಡು, ಕೀಟೋನುಗಳನ್ನು ಗುರುತಿಸಲು ಬಳಸುವ 2,4-ಡೈನೈಟ್ರೊಫಿನೈಲ್ ಹೈಡ್ರಜೀನ್ ತೇವವಾಗಿರುವವರೆಗೆ ಸಾಧು, ಒಣಗಿದರೆ ಸಿಡಿಯಬಲ್ಲುದು. ಹಳೆಯ ಸೀಸೆಗಳನ್ನು ನೋಡಿಕೊಳ್ಳಿರೆಂಬ ಸೂಚನೆ ಸಂಸ್ಥೆಯಿಂದ ಹೊರಟಿತು. ಸಹಾಯಕರು ಕಪಾಟುಗಳನ್ನು ಶೋಧಿಸಿದರು. ಒಣಗಿದ ಪುಡಿ ಮುಚ್ಚಳದ ತಿರುಪಿನಲ್ಲಿ ಸಿಕ್ಕಿದ್ದರೆ ತೆರೆಯುವುದೇ ಅಪಾಯ! ಬ್ರಿಟನ್ನಿನ ಶಾಲೆಗಳಿಗೆ ಬಾಂಬು ನಿಷ್ಕ್ರಿಯಗೊಳಿಸುವ ದಳದವರು ನೂರಾರು ಸಲ ಬರಬೇಕಾಯಿತು. ಕೆಲವು ಸೀಸೆಗಳನ್ನು ಅವರು ಬಯಲಿಗೆ ಒಯ್ದು ಸಿಡಿಸಿದರು.