ನಕ್ಷೆಯ ಅಳತೆ ಸರಿ ಇದೆಯಾ? ಶೆಡ್, ಗ್ರಿಲ್ ಮಾಡಿಸುವ ಸಂಘಗಳಿಗೆ ಒಂದು ಪಾಠ



ಹಪ್ಪಳ, ರೊಟ್ಟಿ, ಹೊಲಿಗೆ ಘಟಕಕ್ಕಾಗಿ ಸಾಲ ತೆಗೆದು ಸ್ವಂತ ಶೆಡ್ ಕಟ್ಟಿಸಲು ಹೊರಟ ಸಂಘಕ್ಕೆ ಮೊದಲು ಕೈಗೆ ಬರುವುದು ನಕ್ಷೆ. ಎಂಜಿನಿಯರರು ಅದನ್ನು ಕ್ಯಾಡ್ ಎಂಬ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಬರೆಯುತ್ತಾರೆ. ಕಾಗದದ ನಕ್ಷೆ ನಮಗೆ ಕೊಟ್ಟು, ಫೈಲನ್ನು ಗ್ರಿಲ್ ಮಾಡುವವರಿಗೆ, ತಗಡಿನ ಜಾಲಿ ಕತ್ತರಿಸುವ ಮಿಷಿನ್ ಅಂಗಡಿಗೆ ಕಳಿಸುತ್ತಾರೆ. ಅಲ್ಲಿ ಇರುವುದು ಬೇರೆ ಪ್ರೋಗ್ರಾಮ್. ತೊಂದರೆ ಹುಟ್ಟುವುದು ಈ ಕೈಬದಲಿನಲ್ಲಿ.

ನಿರ್ಣಯ ಪುಸ್ತಕದಲ್ಲಿ ಬರೀ ‘500’ ಅಂತ ಬರೆದಿಟ್ಟರೆ ಮುಂದಿನ ತಿಂಗಳು ಓದುವವರಿಗೆ ಏನು ಗೊತ್ತಾಗುತ್ತದೆ? ರೂಪಾಯಿಯೋ, ಕೆ.ಜಿ.ಯೋ? ಕ್ಯಾಡ್ ಫೈಲಿನ ಕಥೆಯೂ ಇದೇ. ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಸಾಗಿಸಲು ಡಿಎಕ್ಸ್‌ಎಫ್ ಎಂಬ ಫೈಲ್ ಬಳಸುತ್ತಾರೆ. ಇದು 1982ರಲ್ಲಿ ಆಟೋಕ್ಯಾಡ್ ಜೊತೆಗೇ ಬಂದದ್ದು. ಹಳೆಯ ರೀತಿಯ ಡಿಎಕ್ಸ್‌ಎಫ್‌ನಲ್ಲಿ ಅಂಕಿ ಇರುತ್ತದೆ, ಅದು ಇಂಚೋ ಮಿಲಿಮೀಟರೋ ಎಂಬ ಗುರುತು ಇರುವುದಿಲ್ಲ. ಹೊಸದರಲ್ಲಿ ಗುರುತಿಗೆ ಜಾಗ ಇದ್ದರೂ ಎಷ್ಟೋ ಸಲ ಅದನ್ನು ತುಂಬಿರುವುದಿಲ್ಲ.

4 ಅಡಿ ಅಗಲದ ಕಿಟಕಿ ಎಂದುಕೊಳ್ಳಿ. ಎಂಜಿನಿಯರರು ಇಂಚಿನಲ್ಲಿ 48 ಅಂತ ಬರೆದಿದ್ದಾರೆ. ಮಿಷಿನ್ ಅದನ್ನು 48 ಮಿಲಿಮೀಟರ್ ಅಂತ ಓದಿದರೆ ಗ್ರಿಲ್ ಎರಡು ಇಂಚೂ ಇಲ್ಲ, ಬೆಂಕಿಪೆಟ್ಟಿಗೆಯಷ್ಟು ಅಗಲ. ಇದು ಯಾರಿಗಾದರೂ ಕಣ್ಣಿಗೆ ಬೀಳುತ್ತದೆ, ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಆಮೇಲೆ ಮಾಡುವ ಅಂದಾಜಿನ ರಿಪೇರಿಗೆ. ‘ಇಂಚಿಗೆ 25 ಮಿಲಿಮೀಟರ್ ಅಲ್ವಾ’ ಅಂತ 25ರಿಂದ ಗುಣಿಸಿಬಿಡುತ್ತಾರೆ. ಸರಿಯಾದ ಲೆಕ್ಕ 25.4. ಹಾಗಾಗಿ 1219 ಬರಬೇಕಾದ ಕಡೆ 1200 ಬಂತು. ಕಂಪ್ಯೂಟರ್ ಪರದೆಯ ಮೇಲೆ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ಕಿಟಕಿಗೆ ಕೂರಿಸುವಾಗ ಮುಕ್ಕಾಲು ಇಂಚು ಸಾಲದು! ಕತ್ತರಿಸಿದ ಕಬ್ಬಿಣವನ್ನು ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ಓದಿದವರಿಗೆ ಇಂಥದ್ದು ಆಗುವುದಿಲ್ಲ ಅಂತ ತಿಳಿಯಬೇಡಿ. ಅಮೆರಿಕದ ನಾಸಾ ಸಂಸ್ಥೆ ಮಂಗಳ ಗ್ರಹಕ್ಕೆ ಕಳಿಸಿದ ನೌಕೆ 1999ರಲ್ಲಿ ಹಾಳಾದದ್ದು ಇದೇ ಕಾರಣಕ್ಕೆ. ಒಂದು ಕಡೆಯ ಪ್ರೋಗ್ರಾಮ್ ಪೌಂಡಿನ ಲೆಕ್ಕ ಕೊಟ್ಟಿತು, ಇನ್ನೊಂದು ಕಡೆ ಅದನ್ನು ಮೆಟ್ರಿಕ್ ಲೆಕ್ಕ ಅಂತ ತಗೊಂಡರು.

ಹಾಗಾದರೆ ನಾವೇನು ಮಾಡಬೇಕು? ಕ್ಯಾಡ್ ಕಲಿಯಬೇಕಾಗಿಲ್ಲ. ಕತ್ತರಿಸುವ ಮೊದಲು ಅಂಗಡಿಗೆ ಇಬ್ಬರು ಸದಸ್ಯೆಯರು ಹೋಗಿ, ನಿಮಗೆ ಖಂಡಿತ ಗೊತ್ತಿರುವ ಒಂದು ಅಳತೆಯನ್ನು, ಬಾಗಿಲಿನ ಅಗಲವನ್ನೇ ಅನ್ನಿ, ‘ಇದನ್ನು ಕಂಪ್ಯೂಟರಿನಲ್ಲಿ ಅಳೆದು ತೋರಿಸಿ ಅಣ್ಣಾ’ ಅಂತ ಕೇಳಿ. 3 ಅಡಿಯ ಬಾಗಿಲು 914 ಮಿಲಿಮೀಟರ್ ಚಿಲ್ಲರೆ ತೋರಿಸಬೇಕು. ಬೇರೆ ಬಂದರೆ ಕೆಲಸ ನಿಲ್ಲಿಸಿ, ಎಂಜಿನಿಯರರಿಗೆ ಅಲ್ಲಿಂದಲೇ ಫೋನ್ ಮಾಡಿಸಿ. ಕೇಳುವುದಕ್ಕೆ ಸಂಕೋಚ ಬೇಡ, ದುಡ್ಡು ಸಂಘದ್ದು.

ಇನ್ನೊಂದು ತೊಂದರೆ ಕಾಗದದ ಮೇಲೆಯೇ ಹಿಡಿಯಬಹುದು. ಗೋಡೆ ಬದಲಾಯಿಸಿ ಅಂತ ನಾವು ಹೇಳಿದಾಗ ನಕ್ಷೆ ಬರೆಯುವವರು ಕೆಲವೊಮ್ಮೆ ಗೆರೆಯನ್ನು ಸರಿಸದೆ ಮೇಲಿನ ಅಂಕಿಯನ್ನಷ್ಟೇ ತಿದ್ದುತ್ತಾರೆ. ಮೇಸ್ತ್ರಿ ಅಂಕಿ ನೋಡಿ ಕಟ್ಟುತ್ತಾರೆ, ಮಿಷಿನ್ ಗೆರೆ ನೋಡಿ ಕತ್ತರಿಸುತ್ತದೆ. ಎರಡೂ ಕೂಡುವುದು ಹೇಗೆ? ಆದ್ದರಿಂದ ಒಳಗಿನ ಅಳತೆಗಳನ್ನು ಕೂಡಿ ಹೊರಗಿನದಕ್ಕೆ ತಾಳೆ ನೋಡಿ. ಒಂದು ಕೋಣೆ 10 ಅಡಿ, ಇನ್ನೊಂದು 8 ಅಡಿ 1½ ಇಂಚು, ಎರಡು ಹೊರಗೋಡೆ ತಲಾ 9 ಇಂಚು, ನಡುಗೋಡೆ 4½ ಇಂಚು. ಕೂಡಿದರೆ ಸರಿಯಾಗಿ 20 ಅಡಿ. ಉಳಿತಾಯದ ಲೆಕ್ಕ ಹಾಕುವ ನಿಮಗೆ ಇದು ಕಷ್ಟವೇನಲ್ಲ. ಆದರೆ ಜೆರಾಕ್ಸ್ ಪ್ರತಿಯ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಪ್ರಿಂಟರ್ ಕಾಗದಕ್ಕೆ ತಕ್ಕಂತೆ ಚಿತ್ರವನ್ನು ಕುಗ್ಗಿಸಿರುತ್ತದೆ.

‘ಫೈಲ್ ಓಪನ್ನೇ ಆಗ್ತಿಲ್ಲ’ ಅಂತ ಅಂಗಡಿಯವರು ಹೇಳಿದರೆ ಫೈಲ್ ಕೆಟ್ಟಿದೆ ಅಂತಲೇ ಅಲ್ಲ. ಆಟೋಕ್ಯಾಡ್‌ನ ಡಿಡಬ್ಲ್ಯುಜಿ ಫೈಲಿನ ರೂಪ 2000, 2004, 2007, 2010, 2013, 2018ರ ಆವೃತ್ತಿಗಳಲ್ಲಿ ಬದಲಾಗುತ್ತಾ ಬಂದಿದೆ. ಹೊಸದರಲ್ಲಿ ಉಳಿಸಿದ್ದನ್ನು ಹಳೆಯ ಪ್ರೋಗ್ರಾಮ್ ಓದಲಾರದು. ಹಳೆಯ ಆವೃತ್ತಿಯಲ್ಲಿ ಉಳಿಸಿ ಕಳಿಸಿ ಅಂತ ಎಂಜಿನಿಯರರಿಗೆ ಹೇಳಿದರೆ ಎರಡು ನಿಮಿಷದ ಕೆಲಸ. ನುಡಿ ಅಕ್ಷರದಲ್ಲಿ ಬರೆದ ‘ಅಡುಗೆ ಕೋಣೆ’ ಆ ಅಕ್ಷರ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅದಕ್ಕೆ ಗಾಬರಿ ಬೇಡ, ಅಳತೆಗೆ ಏನೂ ಆಗಿರುವುದಿಲ್ಲ. ಹೇಗಿದ್ದರೂ ಕ್ಯಾಡ್ ಫೈಲಿನ ಜೊತೆ ಪಿಡಿಎಫ್ ಒಂದನ್ನು ಕಡ್ಡಾಯವಾಗಿ ಕೇಳಿ ಪಡೆಯಿರಿ. ಅದು ಎಲ್ಲಾ ಕಡೆ ಒಂದೇ ತರ ಕಾಣುತ್ತದೆ, ನಿಮ್ಮ ಮೊಬೈಲಿನಲ್ಲೂ.

ಈ ತಿಂಗಳ ಸಭೆಯಲ್ಲಿ ಮಾಡಿ ನೋಡಿ: ಸಭೆ ಸೇರುವ ಕೋಣೆಯ ಒಂದು ಕಿಟಕಿಯನ್ನು ಟೇಪಿನಲ್ಲಿ ಇಂಚಿನ ಕಡೆಯಿಂದ ಅಳೆಯಿರಿ. 25.4ರಿಂದ ಗುಣಿಸಿ. ಆಮೇಲೆ ಟೇಪನ್ನು ತಿರುಗಿಸಿ ಮಿಲಿಮೀಟರ್ ಕಡೆಯಿಂದ ಅಳೆದು, ಎರಡೂ ಅಂಕಿಗಳನ್ನು ಪುಸ್ತಕದಲ್ಲಿ ಯೂನಿಟ್ ಸಮೇತ ಬರೆಯಿರಿ.